ತಾಮ್ರದ ದೂರವಾಣಿ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ವೇಗ

ಸ್ಥಿರ ದೂರವಾಣಿಯ ಧ್ವನಿಯು ತಾಮ್ರದ ತಂತಿಯಲ್ಲಿ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವರ್ತನವನ್ನು ಮಾತ್ರ ಬಳಸುತ್ತದೆ. ಅದಕ್ಕೂ ಮೇಲಿನ ಆವರ್ತನಗಳಲ್ಲಿ ದತ್ತಾಂಶ ಸಾಗುವುದರಿಂದ ಕರೆ ಮತ್ತು ಅಂತರಜಾಲ ಏಕಕಾಲದಲ್ಲಿ ಲಭ್ಯವಾಗುತ್ತವೆ. ಇವೆರಡನ್ನು ಬೇರ್ಪಡಿಸಲು ಸ್ಪ್ಲಿಟರ್ ಅಳವಡಿಸಲಾಗುತ್ತದೆ.

ಎಡಿಎಸ್‌ಎಲ್2+ ತಂತ್ರಜ್ಞಾನದ ಗರಿಷ್ಠ ವೇಗ ಸೆಕೆಂಡಿಗೆ 24 ಮೆಗಾಬಿಟ್. ವಿಡಿಎಸ್‌ಎಲ್2 ಇದಕ್ಕಿಂತ ಹೆಚ್ಚಿನ ವೇಗ ನೀಡುತ್ತದೆಯಾದರೂ ಅದರ ಪ್ರಯೋಜನ ಮುಖ್ಯವಾಗಿ ಮೊದಲ ಒಂದು ಕಿಲೋಮೀಟರಿನೊಳಗೆ. ತಂತಿ ಉದ್ದವಾದಂತೆ ಸಂಕೇತ ಕ್ಷೀಣಿಸುತ್ತದೆ. ಇಲ್ಲಿ ಗಣನೆಗೆ ಬರುವುದು ನಕ್ಷೆಯ ನೇರ ದೂರವಲ್ಲ, ಕೇಬಲ್ ಸುತ್ತಿ ಬರುವ ದಾರಿ; ಆದ್ದರಿಂದ ನೆರೆಮನೆಯ ವೇಗ ಖಾತರಿಯಾಗದು. ಜೋಡಣೆಗಳಲ್ಲಿ ತೇವ ಸೇರಿದರೆ ವೇಗ ಇನ್ನಷ್ಟು ಕುಗ್ಗುತ್ತದೆ.

ತಂತಿಗೆ ಸಾಮರ್ಥ್ಯವಿಲ್ಲದಿದ್ದಲ್ಲಿ ದುಬಾರಿ ಯೋಜನೆಯಿಂದ ವೇಗ ಹೆಚ್ಚುವುದಿಲ್ಲ. ಭಾರತದಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಅರ್ಜಿದಾರರು ಯೋಜನೆ ಆಯ್ಕೆಗೆ ಮುನ್ನ ತಂತಿಯ ಪರೀಕ್ಷೆಯನ್ನು ಕೋರತಕ್ಕದ್ದು.