ವಿರಾಮದ ಕಟ್ಟಳೆ

ವಿರಾಮವೂ ಆಲಸ್ಯವೂ ಒಂದೇ ಎಂದು ಭಾವಿಸುವವರು ಬಹುಮಂದಿ. ಶಬ್ದಗಳನ್ನು ಬಿಡಿಸಿ ನೋಡಿದರೆ ಈ ಭ್ರಮೆ ನಿಲ್ಲಲಾರದು. ‘ರಮ್’ ಎಂಬ ಧಾತುವಿಗೆ ಆನಂದಪಡುವುದೆಂದು ಅರ್ಥ. ಅದಕ್ಕೆ ‘ವಿ’ ಸೇರಿದಾಗ ನಿಲ್ಲುವುದೆಂಬ ಅರ್ಥವುಂಟಾಗುವುದು. ‘ಲಸ್’ ಧಾತುವಿಗೆ ಕ್ರೀಡಿಸುವುದೆಂಬ ಅರ್ಥವುಂಟು, ಅದಿಲ್ಲದವನೇ ಅಲಸ. ಆದುದರಿಂದ ಆಡಿ ನಲಿಯುವವನು ಸೋಮಾರಿಯಲ್ಲ. ಅದಕ್ಕೂ ಉತ್ಸಾಹವಿಲ್ಲದವನು ಸೋಮಾರಿ. ನಮ್ಮ ಜನರು ವಿರಾಮವನ್ನು ಹೇಗೆ ಕಾಪಾಡಿಕೊಂಡು ಬಂದರು, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅದರ ಗತಿಯೇನಾಯಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಸಂಸ್ಕೃತ ಪಾಠಶಾಲೆಗಳಲ್ಲಿ ಅನಧ್ಯಾಯವೆಂಬ ಕಟ್ಟಳೆಯುಂಟು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಪಾಠವಿಲ್ಲ. ಓದುತ್ತೇನೆಂದು ಶಿಷ್ಯನು ಹಟ ಹಿಡಿದರೂ ಗುರುಗಳು ಹೇಳಿಕೊಡರು. ಹಳೆಯ ಮೈಸೂರು ಸೀಮೆಯ ಒಕ್ಕಲಿನವರಲ್ಲಿ ಸೋಮವಾರ ಬಸವನ ದಿನ. ಅಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಈ ಎರಡರಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಡುವು ಬೇಕೇ ಎಂದು ಶಿಷ್ಯನನ್ನೂ ಕೇಳಲಿಲ್ಲ, ಎತ್ತನ್ನೂ ಕೇಳಲಿಲ್ಲ, ಆರಂಭಗಾರನನ್ನೂ ಕೇಳಲಿಲ್ಲ. ಹದವಾದ ಮಳೆ ಬಿದ್ದಿದ್ದರೂ ಅವನು ನೇಗಿಲು ಹೂಡನು. ನೆರೆಯವನೂ ಹೂಡನಾದುದರಿಂದ ಅವನಿಗೆ ಹಿಂದೆ ಬಿದ್ದೆನೆಂಬ ಚಿಂತೆಯಿಲ್ಲ.

ಯಂತ್ರಗಳು ಬಂದ ಮೇಲೆ ತಿಥಿವಾರಗಳ ಈ ರಕ್ಷೆ ತಪ್ಪಿತು. 1881ರ ಮೊದಲನೆಯ ಕಾರ್ಖಾನೆ ಕಾಯಿದೆಯು ಮಕ್ಕಳ ದುಡಿಮೆಗೆ ಮಾತ್ರ ಮಿತಿಯಿಟ್ಟು, ವಯಸ್ಕರನ್ನು ಅವರ ಪಾಡಿಗೆ ಬಿಟ್ಟಿತು. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ರಜೆ ದೊರೆತುದು ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ನಡೆಸಿದ ಪ್ರಯತ್ನದ ಫಲವಾಗಿ, 1890ರಲ್ಲಿ. ವಾರದ ದುಡಿಮೆಯ ಮಿತಿ 1922ರಲ್ಲಿ 60 ಗಂಟೆಯಾಯಿತು, 1934ರಲ್ಲಿ 54, 1946ರಲ್ಲಿ 48. ಸ್ವತಂತ್ರ ಭಾರತದ 1948ರ ಕಾಯಿದೆಯೂ 48ನ್ನೇ ಸ್ಥಿರಪಡಿಸಿತು. ಒಂದು ದಿನದಷ್ಟು ಹೊತ್ತನ್ನು ಕೆಲಸಗಾರನಿಗೆ ಹಿಂದಕ್ಕೆ ಕೊಡಿಸಲು ಎಷ್ಟು ವರ್ಷಗಳು ಹಿಡಿದುವೆಂಬುದನ್ನು ವಾಚಕರು ಲೆಕ್ಕ ಹಾಕಿಕೊಳ್ಳಬಹುದು.

ಪೀಣ್ಯದ ಮಗ್ಗುಲಲ್ಲಿಯೇ ಇರುವ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು. ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಅಲ್ಲಿ ಕೈಗಡಿಯಾರಗಳೂ ತಯಾರಾದುವು. ಮದುವೆಯ ಉಡುಗೊರೆಯಾಗಿ ಎಚ್.ಎಂ.ಟಿ. ಗಡಿಯಾರ ಎಷ್ಟೋ ಮನೆಗಳನ್ನು ಸೇರಿತು. ಕೆಲಸ ಮೊದಲಾಗುವ ಹೊತ್ತನ್ನು ಹೇಳಿದಂತೆಯೇ ಮುಗಿಯುವ ಹೊತ್ತನ್ನೂ ಅದು ಹೇಳುತ್ತಿತ್ತು. ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ನಿರ್ಣಯಿಸಿತು.

ಪೀಣ್ಯದ ಸ್ಥಿತಿ ಬೇರೆ. 1970ರ ದಶಕದಿಂದ ಬೆಳೆದ ಈ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಷೆಡ್ಡುಗಳು ಹೇರಳ. ವಿದ್ಯುಚ್ಛಕ್ತಿ ಬಳಸುವಲ್ಲಿ 10 ಮಂದಿ ಕೆಲಸಗಾರರಿದ್ದರೆ 1948ರ ಕಾಯಿದೆ ಅನ್ವಯಿಸುತ್ತಿತ್ತು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ ಸಂಹಿತೆಯು ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. ವಾರದ 48 ಗಂಟೆಯ ಮಿತಿಯೇನೋ ಉಳಿಯಿತು. ಕಾರ್ಖಾನೆಯೆಂಬ ವ್ಯಾಖ್ಯೆಯಿಂದ ಹೊರಗುಳಿದ ಷೆಡ್ಡುಗಳು ಹೆಚ್ಚಿದುವು. ಲೇತಿನ ಮುಂದೆ ತಾನೇ ನಿಲ್ಲುವ ಸಣ್ಣ ಯಜಮಾನನಿಗಂತೂ ಯಾವ ಮಿತಿಯೂ ಇಲ್ಲ. ಅವನನ್ನು ದುಡಿಸುವವರು ಯಾರೂ ಇಲ್ಲ. ಆದರೂ ಅವನಿಗೆ ಬಿಡುವಿಲ್ಲ. ಏಕೆಂದರೆ ತಾನು ಬಾಗಿಲು ಹಾಕಿದರೆ ಆರ್ಡರು ಪಕ್ಕದ ಷೆಡ್ಡಿಗೆ ಹೋಗುವುದೆಂಬ ಭಯ. ಪಕ್ಕದವನಿಗೂ ಅದೇ ಭಯ. ಮಕ್ಕಳೊಡನೆ ಕುಳಿತು ಊಟಮಾಡುವ ಹೊತ್ತು, ಒಂದು ನಾಟಕ ನೋಡುವ ಹೊತ್ತು, ಹೀಗೆ ಇಬ್ಬರ ಮನೆಯಲ್ಲಿಯೂ ನಷ್ಟವಾಗುತ್ತಿದೆ. ಇದನ್ನು ದುರಾಶೆಯೆಂದು ಜರೆಯುವುದು ನ್ಯಾಯವಲ್ಲ. ಒಬ್ಬನೇ ನಿಲ್ಲಲಾರನು; ಎಲ್ಲರೂ ನಿಂತರೆ ಅವನೂ ನಿಲ್ಲುವನು.

ಇದಕ್ಕೆ ಪೀಣ್ಯದಲ್ಲಿಯೇ ನಿದರ್ಶನವಿದೆ. ಆಯುಧಪೂಜೆಯಂದು ಅಲ್ಲಿಯ ಯಂತ್ರಗಳನ್ನು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುತ್ತಾರೆ. ಅಂದು ಮಾಲು ಬರಲಿಲ್ಲವೆಂದು ಯಾರೂ ಆಕ್ಷೇಪಿಸರು. ಆ ದಿನದ ಬಿಡುವಿನಿಂದ ಯಾವ ಯಜಮಾನನೂ ಕೆಟ್ಟುದನ್ನು ಕೇಳಿಲ್ಲ. ಬಸವನ ಸೋಮವಾರದ ನ್ಯಾಯವೇ ಇಲ್ಲಿಯೂ ಕೆಲಸಮಾಡುತ್ತದೆ.

ವಿರಾಮವು ದುಡಿಮೆ ತೀರಿದ ಮೇಲೆ ಉಳಿಯುವ ಶೇಷವಲ್ಲ. ದುಡಿಮೆ ಎಂದಿಗೂ ತೀರುವುದಿಲ್ಲ. ಆದಕಾರಣ ಹಿರಿಯರು ಅದನ್ನು ಒಬ್ಬೊಬ್ಬನ ಇಚ್ಛೆಗೆ ಬಿಡದೆ ಊರಿನ ಕಟ್ಟಳೆಯಾಗಿ ಮಾಡಿದರು. ವರ್ಷಕ್ಕೊಮ್ಮೆ ಒಪ್ಪಂದಕ್ಕೆ ಬರಬಲ್ಲ ಜನರು ವಾರಕ್ಕೊಂದು ಸಂಜೆಯ ಮಟ್ಟಿಗೂ ಬರಬಲ್ಲರು. ಎತ್ತಿಗೆ ಕೊಟ್ಟುದನ್ನು ಅದರ ಒಡೆಯನಿಗೂ ಕೊಡಬೇಕೆನ್ನುವುದು ಹೆಚ್ಚಿನ ಬೇಡಿಕೆಯೇನೂ ಅಲ್ಲ.