ಕರುಳಿನ ಹೊಲಿಗೆ ಮತ್ತು ಚಲನೆಯ ಮರಳುವಿಕೆ: ಒಂದು ಚಾರಿತ್ರಿಕ ಅವಲೋಕನ

ಸೀಳಿದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ಅವುಗಳ ತಲೆಗಳನ್ನಷ್ಟೇ ಉಳಿಸಿ ಕರುಳನ್ನು ಒಳಸೇರಿಸುವ ವಿಧಾನವನ್ನು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ದಾಖಲಿಸಿದೆ. ಇದನ್ನು ಕೇವಲ ಕೌತುಕವೆಂದು ಬದಿಗಿರಿಸುವುದು ಸಲ್ಲದು. ಆದರೆ ಗಾಯ ಮುಚ್ಚುವುದು ಚೇತರಿಕೆಯ ಅರ್ಧಭಾಗ ಮಾತ್ರ. ಉಳಿದರ್ಧ ಚಲನೆಯ ಮರಳುವಿಕೆ. ಕರುಳಿನ ಭಿತ್ತಿಯೊಳಗಿನ ನರಜಾಲವನ್ನು ಮೈಸ್ನರ್ 1857ರಲ್ಲಿ ವಿವರಿಸಿದನು. ಹೊರನರಗಳನ್ನು ಕತ್ತರಿಸಿದರೂ ನಾಯಿಯ ಕರುಳು ಒಳಗಿನದನ್ನು ಮುಂದೂಡುವುದನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ತೋರಿಸಿದರು. ಶಸ್ತ್ರಕ್ರಿಯೆಯಲ್ಲಿ ಕರುಳನ್ನು ಕೈಯಾಡಿಸುವುದೇ ಚಲನೆಯನ್ನು ಕುಂಠಿತಗೊಳಿಸುತ್ತದೆಂಬುದನ್ನು ಕ್ಯಾನನ್ ಮತ್ತು ಮರ್ಫಿ 1906ರಲ್ಲಿ ಕಂಡರು. ಸಾಮಾನ್ಯವಾಗಿ ಸಣ್ಣ ಕರುಳು 24 ಗಂಟೆಗಳೊಳಗೆ, ದೊಡ್ಡ ಕರುಳು 2–3 ದಿನಗಳಲ್ಲಿ ಚಲಿಸತೊಡಗುತ್ತದೆ. ಕತ್ತರಿಸಿದ ನರತಂತುಗಳು ಹೊಲಿಗೆಯನ್ನು ದಾಟಲು ವಾರಗಳೇ ಬೇಕು. ಇರುವೆ ಅಂಚುಗಳನ್ನು ಕೂಡಿಸಿತು. ಚಲನೆಯನ್ನು ಕೂಡಿಸಬೇಕಾದುದು ಕರುಳೇ.