ಎಲ್ತಮ್‌ನಲ್ಲಿ ಹುಟ್ಟಿದ ಹರ್ಮಿಟ್: ಒಂದು ಕುದುರೆಯ ಕಥೆ

ಲಂಡನ್ನಿನ ಆಗ್ನೇಯ ಅಂಚಿನ ಎಲ್ತಮ್ ಎಂದೊಡನೆ ನಮ್ಮ ಬಹುತೇಕ ಕುಟುಂಬಗಳಿಗೆ ನೆನಪಾಗುವುದು ಅಲ್ಲಿಯ ಅರಮನೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು, ಮಧ್ಯಯುಗದ ಸಭಾಂಗಣವನ್ನೂ ಕಂದಕವನ್ನೂ ತೋರಿಸಿ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಂಡು ಹಿಂತಿರುಗುತ್ತೇವೆ. ಅರಮನೆಯ ಪಶ್ಚಿಮಕ್ಕಿರುವ ಮಿಡ್ಲ್ ಪಾರ್ಕ್ ಎಂಬ ಬಡಾವಣೆಯನ್ನು ನೋಡಲೆಂದು ಯಾರೂ ಹೋಗುವುದಿಲ್ಲ. ಒಂದು ಕಾಲಕ್ಕೆ ಅರಸರ ಜಿಂಕೆವನವಾಗಿದ್ದ ಆ ನೆಲ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಹೆಸರಾಂತ ಕುದುರೆ ಫಾರಂ ಆಗಿತ್ತು. ಹರ್ಮಿಟ್ ಎಂಬ ಕೆಂಗಂದು ಬಣ್ಣದ ಕುದುರೆ 1864ರಲ್ಲಿ ಹುಟ್ಟಿದ್ದು ಅಲ್ಲಿಯೇ.

ಫಾರಮ್ಮಿನ ಒಡೆಯ ವಿಲಿಯಂ ಬ್ಲೆಂಕಿರನ್ ಪ್ರಭು ಮನೆತನದವನಲ್ಲ. ಯಾರ್ಕ್‌ಷೈರಿನಿಂದ ಲಂಡನ್ನಿಗೆ ಬಂದು, ಚೀಪ್‌ಸೈಡ್ ಬಳಿ ಅಂಗಿಯ ಕಾಲರುಗಳನ್ನು ತಯಾರಿಸಿ ಮಾರಿ ಹಣ ಕಂಡ ವ್ಯಾಪಾರಿ. ಶ್ರೀಮಂತರು ಹವ್ಯಾಸಕ್ಕೆಂದು ಮಾಡುತ್ತಿದ್ದುದನ್ನು ಆತ ಕಸುಬಾಗಿ ಮಾಡಿದ. ಒಳ್ಳೆಯ ವಂಶದ ಹೆಣ್ಣುಕುದುರೆಗಳನ್ನು ಕೊಳ್ಳುವುದು, ಮರಿಗಳನ್ನು ಒಂದು ವರ್ಷ ಬೆಳೆಸುವುದು, ವರ್ಷಕ್ಕೊಮ್ಮೆ ಅಲ್ಲಿಯೇ ಹರಾಜು ಹಾಕುವುದು. ಕುಣಿಗಲ್ಲಿನ ಕುದುರೆ ಫಾರಂ ಬಲ್ಲ ನಮ್ಮವರಿಗೆ ಇದು ತೀರ ಅಪರಿಚಿತವೇನಲ್ಲ. ಟಿಪ್ಪುವಿನ ಕಾಲದಲ್ಲಿ ದಂಡಿಗಾಗಿ ಕುದುರೆ ಬೆಳೆಸಿದ ಆ ನೆಲದಲ್ಲಿ ಮುಂದೆ ರೇಸಿನ ಕುದುರೆಗಳು ಹುಟ್ಟಿದವು.

ಮರಿಯ ತಂದೆ ನ್ಯೂಮಿನ್‌ಸ್ಟರ್, ತಾಯಿ ಸೆಕ್ಲೂಷನ್. ತಾಯಿಯ ಹೆಸರಿಗೆ ‘ಏಕಾಂತ’ವೆಂದು ಅರ್ಥ, ಆದ್ದರಿಂದ ಮಗನಿಗೆ ‘ಸಂನ್ಯಾಸಿ’ ಎಂಬ ಹೆಸರು. ಈ ಸಂನ್ಯಾಸಿಯ ಸಂತಾನ ಎಷ್ಟು ಬೆಳೆಯಿತೆಂಬುದನ್ನು ಮುಂದೆ ನೋಡೋಣ. 1865ರ ಹರಾಜಿನಲ್ಲಿ ಅದನ್ನು 1,000 ಗಿನಿಗೆ ಕೊಂಡವನು ಲಿಂಕನ್‌ಷೈರಿನ ತರುಣ ಜಮೀನ್ದಾರ ಹೆನ್ರಿ ಚಾಪ್ಲಿನ್. ಗಿನಿ ಎಂದರೆ ಒಂದು ಪೌಂಡು ಒಂದು ಶಿಲಿಂಗ್. ರೇಸುಕುದುರೆಗಳ ಹರಾಜು ಇಂದಿಗೂ ಇಲ್ಲಿ ಗಿನಿಯ ಲೆಕ್ಕದಲ್ಲೇ ನಡೆಯುತ್ತದೆ.

ಅದಕ್ಕೆ ಒಂದು ವರ್ಷ ಮೊದಲು ಚಾಪ್ಲಿನ್ನನಿಗೆ ಲಂಡನ್ನಿನಲ್ಲೇ ದೊಡ್ಡ ಅವಮಾನವಾಗಿತ್ತು. ಲೇಡಿ ಫ್ಲಾರೆನ್ಸ್ ಪ್ಯಾಜೆಟ್ ಎಂಬಾಕೆಯೊಡನೆ ಅವನ ಮದುವೆ ನಿಶ್ಚಯವಾಗಿತ್ತು. 1864ರ ಜುಲೈ ತಿಂಗಳ ಒಂದು ದಿನ ಆಕೆ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಷಲ್ ಆಂಡ್ ಸ್ನೆಲ್‌ಗ್ರೋವ್ ಅಂಗಡಿಗೆ ಒಂದು ಬಾಗಿಲಿನಿಂದ ಹೊಕ್ಕು, ಮತ್ತೊಂದು ಬಾಗಿಲಿನಿಂದ ಹೊರಟು, ಹೇಸ್ಟಿಂಗ್ಸಿನ ಮಾರ್ಕ್ವೆಸ್‌ನನ್ನು ಮದುವೆಯಾದಳೆಂಬುದು ಪ್ರಸಿದ್ಧ ಕಥೆ. ಮದುವೆ ನಡೆದದ್ದು ಹ್ಯಾನೋವರ್ ಸ್ಕ್ವೇರಿನ ಸೇಂಟ್ ಜಾರ್ಜ್ ಚರ್ಚಿನಲ್ಲಿ.

ಈ ಹೇಸ್ಟಿಂಗ್ಸ್ ಯಾರೆಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಅವನ ಅಜ್ಜ, ಮೊದಲನೆಯ ಮಾರ್ಕ್ವೆಸ್, 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದವನು. ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿ, ಬಾದಾಮಿಗಳು ಕಂಪನಿಯ ಕೈಸೇರಿದ್ದು ಅವನ ಕಾಲದ ಯುದ್ಧದಲ್ಲಿ. ಅಜ್ಜ ರಾಜ್ಯಗಳನ್ನು ಗೆದ್ದ. ಮೊಮ್ಮಗ ಕುದುರೆಯ ಬಾಲಕ್ಕೆ ಆಸ್ತಿಯನ್ನು ಕಟ್ಟಿದ.

ಹರ್ಮಿಟ್ ಎರಡು ವರ್ಷದ್ದಿರುವಾಗಲೇ ಕೆಲವು ಪಂದ್ಯಗಳನ್ನು ಗೆದ್ದು, 1867ರ ಡರ್ಬಿಗೆ ಭರವಸೆಯ ಕುದುರೆ ಎನಿಸಿತ್ತು. ಹೇಸ್ಟಿಂಗ್ಸ್ ಅದು ಗೆಲ್ಲುವುದಿಲ್ಲವೆಂದು ಬಾಜಿ ಕಟ್ಟುತ್ತಾ ಹೋದ. ಹಟವೋ ಲೆಕ್ಕಾಚಾರವೋ, ಎರಡೂ ಇದ್ದಿರಬಹುದು. ಡರ್ಬಿಗೆ ಕೆಲವೇ ದಿನಗಳಿರುವಾಗ ನ್ಯೂಮಾರ್ಕೆಟ್ಟಿನಲ್ಲಿ ಓಟದ ಅಭ್ಯಾಸದ ಹೊತ್ತಿಗೆ ಹರ್ಮಿಟ್ಟಿನ ರಕ್ತನಾಳ ಒಡೆದು ಮೂಗಿನಿಂದ ರಕ್ತ ಸುರಿಯಿತು. ಆಗ ಹೇಸ್ಟಿಂಗ್ಸ್‌ನ ಲೆಕ್ಕ ಸರಿಯೆಂದೇ ಎಲ್ಲರಿಗೂ ತೋರಿರಬೇಕು. ಗೊತ್ತಾಗಿದ್ದ ಜಾಕಿ ಬೇರೆ ಕುದುರೆಗೆ ಹೋದ. ಹೆಚ್ಚು ಹೆಸರಿಲ್ಲದ ಜಾನಿ ಡೇಲಿ ಎಂಬವನು ಸವಾರನಾದ. 15 ಪೌಂಡಿಗೆ 1,000 ಪೌಂಡು ಕೊಡುತ್ತೇವೆಂದು ಬುಕ್ಕಿಗಳು ಕೂಗುವಷ್ಟು ಅದರ ಮೇಲಿನ ನಂಬಿಕೆ ಕುಸಿಯಿತು.

ಮೇ 22ರಂದು ಎಪ್ಸಮ್‌ನಲ್ಲಿ ಹಿಮ ಬಿತ್ತು, ಮೇ ತಿಂಗಳಿನಲ್ಲಿ! ಇಲ್ಲಿಯ ಹವೆಯ ಬಗ್ಗೆ ನಾವು ಗೊಣಗುವುದು ಹೊಸತೇನಲ್ಲವೆಂದು ಸಮಾಧಾನ ಪಡಬಹುದು. 30 ಕುದುರೆಗಳು ಮತ್ತೆ ಮತ್ತೆ ತಪ್ಪಾಗಿ ಹೊರಟು, ಮತ್ತೆ ಮತ್ತೆ ಹಿಂತಿರುಗಿ, ಚಳಿಯಲ್ಲಿ ಬಹಳ ಹೊತ್ತು ನಡುಗುತ್ತ ನಿಂತವು. ಕೊನೆಗೆ ಓಟ ನಡೆದಾಗ ಜನರ ನೆಚ್ಚಿನ ವಾಬನ್ ಮೂರನೆಯದಾಯಿತು. ಮಾರ್ಕ್ಸ್‌ಮನ್ ಗೆದ್ದೇಬಿಟ್ಟಿತು ಎನ್ನುವಾಗ, ಹಿಂದಿನಿಂದ ಬಂದ ಹರ್ಮಿಟ್ ಕತ್ತಿನಷ್ಟು ಅಂತರದಲ್ಲಿ ಅದನ್ನು ದಾಟಿತು.

ಹೇಸ್ಟಿಂಗ್ಸ್ ಆ ಒಂದು ಓಟದಲ್ಲಿ ಕಳೆದುಕೊಂಡದ್ದು 1,20,000 ಪೌಂಡು. ಅದರಲ್ಲಿ 20,000 ಚಾಪ್ಲಿನ್ನನಿಗೇ ಸಲ್ಲಬೇಕಿತ್ತು. ಆದರೂ ಓಟ ಮುಗಿದ ಮೇಲೆ ಆತ ಹೋಗಿ ಗೆದ್ದ ಕುದುರೆಯ ಕತ್ತನ್ನು ತಟ್ಟಿದನಂತೆ. ಸಾಲ ತೀರಿಸಲು ಸ್ಕಾಟ್ಲೆಂಡಿನ ಪಿತ್ರಾರ್ಜಿತ ಜಮೀನು ಮಾರಾಟವಾಯಿತು. ಮರುವರ್ಷದ ಡರ್ಬಿಯಲ್ಲಿ ಅವನದೇ ನೆಚ್ಚಿನ ಹೆಣ್ಣುಕುದುರೆ ಲೇಡಿ ಎಲಿಜಬೆತ್ ಸೋತಿತು. 1868ರ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ, ಮಕ್ಕಳಿಲ್ಲದೆ ತೀರಿಕೊಂಡ. ಮಾರ್ಕ್ವೆಸ್ ಪದವಿ ಅವನೊಂದಿಗೇ ಮುಗಿಯಿತು.

ಇದನ್ನು ಚಾಪ್ಲಿನ್ನನ ಸೇಡಿನ ಕಥೆಯೆಂದು ಹೇಳುವುದು ರೂಢಿ. ನಮಗೆ ಹಾಗನ್ನಿಸುವುದಿಲ್ಲ. ತನಗೆ ಬರಬೇಕಾದ ಹಣಕ್ಕೆ ಚಾಪ್ಲಿನ್ ಹೇಸ್ಟಿಂಗ್ಸ್‌ಗೆ ಸಮಯ ಕೊಟ್ಟ; ಸೇಡಿನ ಮನುಷ್ಯ ಹಾಗೆ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕೆಲವೇ ನಿಮಿಷಗಳ ಓಟದ ಗದ್ದಲದಲ್ಲಿ ಹರ್ಮಿಟ್ಟಿನ ಉಳಿದ ಬಾಳು ಮರೆಯಾಗಿಬಿಡುತ್ತದೆ. ಓಟದ ಕುದುರೆಯಾಗಿ ಅದಕ್ಕೆ ಅಂತಹ ಎತ್ತರ ಮತ್ತೆ ಸಿಗಲಿಲ್ಲ. ಅದೇ ವರ್ಷದ ಸೇಂಟ್ ಲೆಜರ್ ಪಂದ್ಯದಲ್ಲಿ ಅಚೀವ್‌ಮೆಂಟ್ ಎಂಬ ಹೆಣ್ಣುಕುದುರೆಗೆ ಸೋತು ಎರಡನೆಯದಾಯಿತು. ಐದು ವರ್ಷ ತುಂಬುವವರೆಗೆ ಓಡಿ, ಬಳಿಕ ಚಾಪ್ಲಿನ್ನನ ಬ್ಲಾಂಕ್ನಿ ಎಸ್ಟೇಟಿನಲ್ಲಿ ಬೀಜದ ಕುದುರೆಯಾಗಿ ನಿಂತಿತು.

ಅದರ ನಿಜವಾದ ಕೀರ್ತಿ ಅಲ್ಲಿಂದ ಆರಂಭ. ಮೊದಲು 20 ಗಿನಿಯಿದ್ದ ಶುಲ್ಕ ಮುಂದೆ 300 ಗಿನಿಗೆ ಏರಿತು. ತಳಿಗಾರರು ಅಳೆಯುವುದು ಮರಿಗಳು ಗೆದ್ದ ಬಹುಮಾನದ ಹಣದಿಂದ. ಆ ಅಳತೆಯಲ್ಲಿ 1880ರಿಂದ 1886ರವರೆಗೆ, ಸತತ ಏಳು ವರ್ಷ, ಹರ್ಮಿಟ್ಟೇ ದೇಶದ ಮೊದಲನೆಯ ತಂದೆ. ಮಗಳು ಶಾಟೋವರ್ 1882ರಲ್ಲಿ ಗಂಡುಕುದುರೆಗಳನ್ನು ಸೋಲಿಸಿ ಡರ್ಬಿ ಗೆದ್ದಳು. ಮರುವರ್ಷ ಮಗ ಸೇಂಟ್ ಬ್ಲೇಸ್ ಗೆದ್ದ. ಸೇಂಟ್ ಬ್ಲೇಸ್ ಅಮೆರಿಕಕ್ಕೆ ಹೋಗಿ 1891ರಲ್ಲಿ 1,00,000 ಡಾಲರಿಗೆ ಮಾರಾಟವಾದ. ಮೂರ್‌ಹೆನ್ ಎಂಬ ಮಗಳ ಮಗ ಗ್ಯಾಲಿನ್ಯೂಲ್. ಅವನ ಮಗಳೇ ಇಂಗ್ಲೆಂಡಿನ ರೇಸುಪ್ರಿಯರು ಇಂದಿಗೂ ಹೆಸರಿಸುವ ಪ್ರಿಟಿ ಪಾಲಿ. ಹರ್ಮಿಟ್ 1890ರಲ್ಲಿ ಸತ್ತಿತು. ಅದು ತಂದುಕೊಟ್ಟ ಹಣವೂ ಚಾಪ್ಲಿನ್ನನ ಕೈಯಲ್ಲಿ ನಿಲ್ಲಲಿಲ್ಲ. ಮಂತ್ರಿಯಾದ, ಕೊನೆಗೆ ವೈಕೌಂಟ್ ಪದವಿಯನ್ನೂ ಪಡೆದ. ಬ್ಲಾಂಕ್ನಿ ಮಾತ್ರ ಸಾಲಕ್ಕೆ ಕೈಬಿಟ್ಟುಹೋಯಿತು.

ಎಲ್ತಮ್‌ನ ಫಾರಂ ಅದಕ್ಕಿಂತ ಬಹಳ ಮೊದಲೇ ಮುಚ್ಚಿತ್ತು. ಬ್ಲೆಂಕಿರನ್ 1871ರಲ್ಲಿ ತೀರಿಕೊಂಡ. ಮರುವರ್ಷದ ದೊಡ್ಡ ಹರಾಜಿನಲ್ಲಿ ಅಲ್ಲಿದ್ದ ಬ್ಲೇರ್ ಅಥೋಲ್ ಎಂಬ ಕುದುರೆಯೊಂದೇ 12,500 ಗಿನಿಗೆ ಹೋಯಿತು. 1930ರ ದಶಕದಲ್ಲಿ ವುಲಿಚ್ ಪುರಸಭೆ ಅಲ್ಲಿ ಮನೆಗಳನ್ನು ಕಟ್ಟಿಸಿತು. ಆ ಬಡಾವಣೆಯ ಒಂದು ಬೀದಿಗೆ ಈಗಲೂ ನ್ಯೂಮಾರ್ಕೆಟ್ ಗ್ರೀನ್ ಎಂಬ ಹೆಸರಿದೆ. ನ್ಯೂಮಾರ್ಕೆಟ್ಟಿನಲ್ಲಿ ಎರಡು ವರ್ಷದ ಕುದುರೆಗಳಿಗಾಗಿ ಬ್ಲೆಂಕಿರನ್ 1866ರಲ್ಲಿ ಆರಂಭಿಸಿದ ಪಂದ್ಯವು ಮಿಡ್ಲ್ ಪಾರ್ಕ್ ಸ್ಟೇಕ್ಸ್ ಎಂಬ ಹೆಸರಿನಲ್ಲೇ ಪ್ರತಿ ಶರತ್ಕಾಲದಲ್ಲಿ ನಡೆಯುತ್ತಿದೆ.